ಫಾಲ್ ಬಾಲ್ ಮತ್ತು ಚಳಿಗಾಲದ ತಯಾರಿ: ಬೇಸ್‌ಬಾಲ್ ಮಕ್ಕಳ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗ, ಮಗಳು ಇಬ್ಬರೂ ಊರಿನ ಲೀಗಿನಲ್ಲಿ ಬೇಸ್‌ಬಾಲ್ ಆಡಿಕೊಂಡು ಬೆಳೆದವರು. ನಾನು ಐದು ವರ್ಷದಿಂದ ಅಸಿಸ್ಟೆಂಟ್ ಕೋಚ್. ಹೆಸರು ದೊಡ್ಡದು, ಕೆಲಸ ಬಕೆಟ್ ಮೇಲೆ ಕೂತು ಪಿಚ್ (ಬ್ಯಾಟರ್‌ಗೆ ಎಸೆದ ಚೆಂಡು) ಎಣಿಸುವುದು. ಆಗಸ್ಟ್ ಬಂತೆಂದರೆ ಕನ್ನಡ ಕೂಟದ ಊಟದ ಸಾಲಿನಲ್ಲಿ, ಫೋನಿನಲ್ಲಿ, ಮೈದಾನದ ಬೆಂಚಿನ ಮೇಲೆ ಅದದೇ ಪ್ರಶ್ನೆಗಳು ಬರುತ್ತವೆ. ಹಾಗಾಗಿ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ. ನಿಯಮದ ಮಾತು ಬಂದಲ್ಲೆಲ್ಲ ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ ಸಂಸ್ಥೆಯ ನಿಯಮ ಅಂತ ತಿಳಿಯಿರಿ. ನಿಮ್ಮೂರಿನ ಲೀಗ್ ಬೇರೆ ಸಂಸ್ಥೆಗೆ ಸೇರಿದ್ದರೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ.

## ಸೇರಿಸುವ ಮೊದಲು

ಫಾಲ್ ಬಾಲ್ ಅಂದ್ರೆ ಏನು? ಬೇಸ್‌ಬಾಲ್ ಬೇಸಿಗೆ ಆಟ ಅಲ್ವಾ?

ಹೌದು, ಮುಖ್ಯ ಸೀಸನ್ ಏಪ್ರಿಲಿನಿಂದ ಜೂನ್. ಫಾಲ್ (ಶರತ್ಕಾಲ) ಬಂದಾಗ ಆಡುವ ಫಾಲ್ ಬಾಲ್ ಅದರ ಚಿಕ್ಕ ತಮ್ಮ. ನಮ್ಮ ಕಡೆ ಲೇಬರ್ ಡೇ (ಸೆಪ್ಟೆಂಬರಿನ ಮೊದಲ ಸೋಮವಾರ) ಮುಗಿದ ಮೇಲೆ ಶುರುವಾಗಿ ಅಕ್ಟೋಬರ್ ಕೊನೆಗೆ ಮುಗಿಯುತ್ತದೆ. ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹೋದರೆ ಸಂಜೆ ಐದಕ್ಕೇ ಕತ್ತಲು, ಇನ್ನೇನು ಆಡೋದು? ಟೆಕ್ಸಾಸ್, ಫ್ಲಾರಿಡಾ, ಕ್ಯಾಲಿಫೋರ್ನಿಯಾದವರಿಗೆ ಈ ಗೋಳಿಲ್ಲ.

ವಾರಕ್ಕೆ ಒಂದೋ ಎರಡೋ ಆಟ, ಅಭ್ಯಾಸ ಕಡಿಮೆ, ಶುಲ್ಕವೂ ಕಡಿಮೆ. ಇದು ಮಕ್ಕಳಿಗಷ್ಟೇ ಇರುವ ವ್ಯವಸ್ಥೆಯೇನಲ್ಲ. ಇಲ್ಲಿನ ಅತಿ ಮೇಲಿನ ವೃತ್ತಿಪರ ಲೀಗಾದ ಮೇಜರ್ ಲೀಗಿನವರೂ 1992ರಿಂದ ಅರಿಜೋನಾ ಫಾಲ್ ಲೀಗ್ ನಡೆಸುತ್ತಿದ್ದಾರೆ. ಫೀನಿಕ್ಸ್ ಸುತ್ತಮುತ್ತ ಆರು ತಂಡ. ಮೇಲೆ ಬರಬೇಕಾದ ಹುಡುಗರನ್ನು ತಿದ್ದಿ ತೀಡಲು ಅಲ್ಲಿಗೆ ಕಳಿಸುತ್ತಾರೆ.

ಮಗನಿಗೆ ಎಂಟು ವರ್ಷ, ಇದುವರೆಗೆ ಬ್ಯಾಟೇ ಹಿಡಿದಿಲ್ಲ. ಈಗ ಸೇರಿಸಿದ್ರೆ ಎಲ್ಲರೂ ನಗಲ್ವಾ?

ಹೊಸಬರನ್ನು ಸೇರಿಸಲು ಫಾಲ್‌ಗಿಂತ ಒಳ್ಳೆ ಸಮಯವೇ ಇಲ್ಲ. ವಸಂತದಲ್ಲಿ ಟ್ರೈಔಟ್ (ಆಯ್ಕೆ ಪರೀಕ್ಷೆ), ಡ್ರಾಫ್ಟ್ (ತಂಡಗಳು ಸರದಿಯಂತೆ ಆಟಗಾರರನ್ನು ಆರಿಸುವುದು), ಸ್ಟ್ಯಾಂಡಿಂಗ್ಸ್ (ಗೆಲುವು ಸೋಲಿನ ಪಟ್ಟಿ) ಅಂತ ಗದ್ದಲ ಇರುತ್ತದೆ. ಈಗ ಅದ್ಯಾವುದೂ ಇಲ್ಲ.

ನಮ್ಮ ಮಗ ಮೊದಲ ಆಟದಲ್ಲಿ ಚೆಂಡು ಹೊಡೆದು, ಬ್ಯಾಟ್ ಕೈಯಲ್ಲೇ ಹಿಡಿದು ಫಸ್ಟ್ ಬೇಸಿಗೆ (ಓಟಗಾರ ಮುಟ್ಟಬೇಕಾದ ಮೊದಲ ಗುರುತು) ಓಡಿದ. ತಾತನ ಜೊತೆ ಕ್ರಿಕೆಟ್ ಆಡಿದ ಅಭ್ಯಾಸ. ಬೇಸಿನ ಮೇಲೆ ಬ್ಯಾಟ್ ಊರಿ ನಿಂತುಬಿಟ್ಟ. ಅಂಪೈರ್ ನಕ್ಕರು, ಬ್ಯಾಟ್ ಇಸಕೊಂಡರು, ಆಟ ಮುಂದುವರಿಯಿತು. ಮರುದಿನ ಯಾರಿಗೂ ನೆನಪಿರಲಿಲ್ಲ, ನನಗೊಬ್ಬನಿಗೆ ಬಿಟ್ಟು.

ಹುಡುಗನಿಗೆ ಸೆಪ್ಟೆಂಬರಲ್ಲಿ ಒಂಬತ್ತು ತುಂಬುತ್ತೆ. ಲೀಗಿನವರು ಎಂಟು ಅಂತಾರೆ. ಏನಿದು ಲೆಕ್ಕ?

ಇದು ಲೀಗ್ ಏಜ್. ಆ ವರ್ಷದ ಆಗಸ್ಟ್ 31ಕ್ಕೆ ಮಗುವಿಗೆ ಎಷ್ಟು ವಯಸ್ಸೋ ಅದೇ ಲೆಕ್ಕ. ಸೆಪ್ಟೆಂಬರಲ್ಲಿ ಹುಟ್ಟಿದವರು ತಂಡದಲ್ಲಿ ಹಿರಿಯರಾಗುತ್ತಾರೆ, ಆಗಸ್ಟಲ್ಲಿ ಹುಟ್ಟಿದವರು ಕಿರಿಯರು. ಫಾಲ್‌ನಲ್ಲಿ ಬಹಳಷ್ಟು ಲೀಗುಗಳು ಮುಂದಿನ ವಸಂತದ ವಯಸ್ಸು ಹಿಡಿದು ಡಿವಿಷನ್ (ವಯಸ್ಸಿನ ಗುಂಪು) ಕೊಡುತ್ತವೆ. ಹಾಗಾಗಿ ಜೂನಿನಲ್ಲಿ ಕೋಚ್ ಎಸೆದ ಚೆಂಡು ಹೊಡೆಯುತ್ತಿದ್ದವನಿಗೆ ಸೆಪ್ಟೆಂಬರಿನಲ್ಲಿ ತನ್ನಷ್ಟೇ ಎತ್ತರದ ಹುಡುಗ ಎಸೆಯುತ್ತಾನೆ. ಮೊದಲ ಎರಡು ವಾರ ಚೆಂಡು ಎಲ್ಲೆಲ್ಲೋ ಹೋಗುತ್ತದೆ. ವಾಕ್ ಮೇಲೆ ವಾಕ್, ಅಂದರೆ ನಾಲ್ಕು ಚೆಂಡು ಗುರಿ ತಪ್ಪಿದ್ದಕ್ಕೆ ಬ್ಯಾಟರ್ ಪುಕ್ಕಟೆ ಫಸ್ಟ್ ಬೇಸಿಗೆ ನಡೆಯುವುದು. ಕುರ್ಚಿ ತಗೊಂಡು ಹೋಗಿ.

ಏನೇನು ಕೊಳ್ಳಬೇಕು? ಅಂಗಡಿಯಲ್ಲಿ ಬ್ಯಾಟ್ ನೋಡಿ ತಲೆ ತಿರುಗಿತು.

ಗ್ಲವ್, ಹೆಲ್ಮೆಟ್, ಪ್ಯಾಂಟು, ಅಡಿಯಲ್ಲಿ ಪ್ಲಾಸ್ಟಿಕ್ ಮುಳ್ಳಿರುವ ಶೂ, ಹುಡುಗರಿಗೆ ತೊಡೆಸಂದಿಯ ರಕ್ಷಣೆಗೆ ಕಪ್. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಸಾಮಾನೆಲ್ಲ ತಂಡದ್ದೇ ಇರುತ್ತದೆ.

ಬ್ಯಾಟಿಗೆ ಮಾತ್ರ ಎರಡು ವಿಷಯ ನೋಡಿ. ಒಂದು, ಮುದ್ರೆ. 2018ರಿಂದ ಲಿಟಲ್ ಲೀಗಿನಲ್ಲಿ ಯುಎಸ್‌ಎ ಬೇಸ್‌ಬಾಲ್ ಮುದ್ರೆ ಇರುವ ಬ್ಯಾಟ್ ಬೇಕು. ಯುಎಸ್‌ಎಸ್‌ಎಸ್‌ಎ ಅನ್ನುವ ಬೇರೆ ಸಂಸ್ಥೆಯ ಮುದ್ರೆಯ ಬ್ಯಾಟು ಟ್ರಾವೆಲ್ ತಂಡಗಳದ್ದು, ಅಂದರೆ ಊರೂರು ಸುತ್ತಿ ಆಡುವ ಆಯ್ದ ತಂಡಗಳದ್ದು. ಅದರಲ್ಲಿ ಚೆಂಡು ಜಾಸ್ತಿ ಚಿಮ್ಮುತ್ತದೆ, ಬೆಲೆಯೂ ಜಾಸ್ತಿ, ಲಿಟಲ್ ಲೀಗಿಗೆ ತಂದರೆ ಅಂಪೈರ್ ಪಕ್ಕಕ್ಕಿಡಿಸುತ್ತಾರೆ. ಅಕ್ಷರ ಒಂದೇ ಥರ ಕಾಣುವುದರಿಂದ ಪ್ರತಿ ವರ್ಷ ಯಾರೋ ಒಬ್ಬರು ತಪ್ಪು ತಂದೇ ತರುತ್ತಾರೆ. ಎರಡು, ತೂಕ. ಇಂಚಿನಲ್ಲಿ ಉದ್ದ, ಔನ್ಸಿನಲ್ಲಿ ತೂಕ, ಎರಡರ ವ್ಯತ್ಯಾಸಕ್ಕೆ ಡ್ರಾಪ್ ಅಂತಾರೆ. 28 ಇಂಚು, 18 ಔನ್ಸ್ ಇದ್ದರೆ ಡ್ರಾಪ್ 10. ಮಗು ಬ್ಯಾಟನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ನೀಡಿ ಹತ್ತಿಪ್ಪತ್ತು ಸೆಕೆಂಡ್ ನಿಲ್ಲಬೇಕು. ಕೈ ನಡುಗಿದರೆ ಆ ಬ್ಯಾಟ್ ಭಾರ. ಮುಂದಿನ ವರ್ಷಕ್ಕೂ ಬರಲಿ ಅಂತ ದೊಡ್ಡ ಚಪ್ಪಲಿ ಕೊಡಿಸುವ ನಮ್ಮ ಬುದ್ಧಿ ಇಲ್ಲಿ ಬೇಡ.

ಗ್ಲವ್ ವಿಷಯದಲ್ಲಿ ಒಂದು ಮಾತು. ಶಿವಮೊಗ್ಗದಿಂದ ಬಂದಿದ್ದ ನಮ್ಮಮ್ಮ ಚರ್ಮ ಒಣಗಿದೆ ಅಂತ ಮೊಮ್ಮಗನ ಗ್ಲವ್‌ಗೆ ಚೆನ್ನಾಗಿ ಕೊಬ್ಬರಿ ಎಣ್ಣೆ ಹಚ್ಚಿಟ್ಟರು. ಜೆರ್ಸಿಯ ಅಕ್ಟೋಬರ್. ಬೆಳಗ್ಗೆ ನೋಡಿದರೆ ಹೊಲಿಗೆ ಸಂದಿಯಲ್ಲೆಲ್ಲ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿದೆ, ಗ್ಲವ್ ಇಟ್ಟಿಗೆಯಂತೆ ಭಾರ. ಗ್ಲವ್‌ಗೆಂದೇ ಬರುವ ಎಣ್ಣೆಯನ್ನು ತೆಳ್ಳಗೆ ಒರೆಸಿದರೆ ಸಾಕು. ಅದು ಹದಕ್ಕೆ ಬರುವುದು ಚೆಂಡು ಹಿಡಿದು ಹಿಡಿದು.

ನವರಾತ್ರಿ, ದೀಪಾವಳಿ, ರಾಜ್ಯೋತ್ಸವದ ಡ್ಯಾನ್ಸ್ ಪ್ರಾಕ್ಟೀಸ್, ಎಲ್ಲ ಇದೇ ಹೊತ್ತಿಗೆ. ಹೇಗೆ ಸಂಭಾಳಿಸ್ತೀರಾ?

ಸೀಸನ್ ಶುರುವಿನಲ್ಲೇ ಬರಲಾಗದ ದಿನಗಳನ್ನು ಕೋಚ್‌ಗೆ ಬರೆದು ಕೊಟ್ಟುಬಿಡಿ. ಫಾಲ್‌ನಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅರ್ಧ ತಂಡ ಸಾಕರ್ ಅಂತ ಓಡಿರುತ್ತದೆ. ಹೇಳದೆ ತಪ್ಪಿಸಿದರೆ ಮಾತ್ರ ತೊಂದರೆ. ಒಂಬತ್ತು ಜನ ಬೇಕಾದ ಕಡೆ ಏಳೇ ಜನ ಬಂದರೆ ಆಟವೇ ಇಲ್ಲ.

ಮಗಳೂ ಆಡಬಹುದಾ? ಹುಡುಗಿಯರಿಗೆ ಸಾಫ್ಟ್‌ಬಾಲ್ ಅಂತಾರಲ್ಲ.

ಆಡಬಹುದು. ಆ ಬಾಗಿಲು ತೆಗೆಸಿದ್ದೇ ನಮ್ಮ ನ್ಯೂಜೆರ್ಸಿ. 1972ರಲ್ಲಿ ಹೊಬೋಕನ್‌ನ ಮಾರಿಯಾ ಪೆಪೆ ಮೂರು ಆಟ ಆಡಿದ ಮೇಲೆ ಹುಡುಗಿ ಅನ್ನುವ ಕಾರಣಕ್ಕೆ ಅವಳನ್ನು ತಂಡದಿಂದ ಬಿಡಿಸಿದರು. ವಿಷಯ ಕೋರ್ಟಿಗೆ ಹೋಯಿತು. 1974ರಲ್ಲಿ ಲಿಟಲ್ ಲೀಗ್ ತನ್ನ ನಿಯಮ ಬದಲಿಸಿತು. 2014ರ ಲಿಟಲ್ ಲೀಗ್ ವರ್ಲ್ಡ್ ಸೀರೀಸಿನಲ್ಲಿ ಫಿಲಡೆಲ್ಫಿಯಾದ ಮೋನೇ ಡೇವಿಸ್ ಎದುರಾಳಿಗೆ ಒಂದೂ ರನ್ ಕೊಡದೆ ಪಂದ್ಯ ಗೆಲ್ಲಿಸಿದಳು. ನಮ್ಮ ಮಗಳು ಮೂರು ವರ್ಷ ಸೆಕೆಂಡ್ ಬೇಸ್ ಆಡಿ, ಆಮೇಲೆ ತಾನೇ ಸಾಫ್ಟ್‌ಬಾಲಿಗೆ ಹೋದಳು.

## ಮೈದಾನದಲ್ಲಿ

ಸ್ಕೋರ್ ಇಲ್ಲ, ಟ್ರೋಫಿ ಇಲ್ಲ. ಹಾಗಾದ್ರೆ ದುಡ್ಡು ಕೊಟ್ಟು ಆಡಿಸೋದ್ಯಾಕೆ?

ಈ ಪ್ರಶ್ನೆ ಕೇಳದ ಅಪ್ಪನೇ ಇಲ್ಲ. ನಾನೂ ಕೇಳಿದ್ದೆ.

ವಸಂತದಲ್ಲಿ ಕೋಚ್‌ಗೆ ಗೆಲ್ಲಬೇಕು. ಹಾಗಾಗಿ ಚೆನ್ನಾಗಿ ಹಿಡಿಯುವವನು ಚೆಂಡು ಹೆಚ್ಚು ಬರುವ ಶಾರ್ಟ್‌ಸ್ಟಾಪಿನಲ್ಲೇ ಇರುತ್ತಾನೆ, ಹಿಡಿಯದವನು ಚೆಂಡು ಅಪರೂಪಕ್ಕೆ ಬರುವ ರೈಟ್ ಫೀಲ್ಡಿನಲ್ಲಿ ಹುಲ್ಲು ಕೀಳುತ್ತಿರುತ್ತಾನೆ. ಹುಲ್ಲು ಕೀಳುವವನು ಹಿಡಿಯುವುದನ್ನು ಕಲಿಯುವುದು ಯಾವಾಗ? ಅದಕ್ಕೇ ಇದು.

ಎರಡು ವರ್ಷದ ಹಿಂದೆ ನಮ್ಮ ತಂಡದಲ್ಲೊಬ್ಬ ಹುಡುಗ, ಹತ್ತು ವರ್ಷದವನು. ಚೆಂಡು ಮುಖದ ಕಡೆ ಬಂದರೆ ಕಣ್ಣು ಮುಚ್ಚುತ್ತಿದ್ದ. ಸೆಪ್ಟೆಂಬರಿನ ಒಂದು ಶನಿವಾರ ಅವನಿಗೆ ಕ್ಯಾಚರ್ ವೇಷ ಹಾಕಿಸಿದೆವು. ಕಾಲಿಗೆ ಪ್ಯಾಡ್, ಎದೆಗೆ ಕವಚ, ಮುಖಕ್ಕೆ ಜಾಲರಿ, ಥೇಟ್ ಯಕ್ಷಗಾನದವನ ಥರ ಎದ್ದು ಬಂದ. ಮೊದಲ ಇನ್ನಿಂಗ್ಸಿನಲ್ಲಿ ಏಳು ಚೆಂಡು ಅವನ ಹಿಂದೆ ಹೋದವು. ವಸಂತದಲ್ಲಾಗಿದ್ದರೆ ಅಲ್ಲಿಗೆ ತೆಗೆದುಬಿಡುತ್ತಿದ್ದರು. ನಾವು ಬಿಟ್ಟೆವು. ಮೂರನೇ ಇನ್ನಿಂಗ್ಸಿಗೆ ಒಂದು ಚೆಂಡು ನೆಲಕ್ಕೆ ಬಡಿದು ಸೀದಾ ಜಾಲರಿಗೆ ಹೊಡೆಯಿತು. ಠಣ್ ಅಂತ ಸದ್ದು. ಅವನ ಅಮ್ಮ ಬೆಂಚಿನಿಂದ ಎದ್ದು ನಿಂತರು. ಹುಡುಗ ಒಂದು ಕ್ಷಣ ಸುಮ್ನೆ ಇದ್ದು ಜಾಲರಿ ಮೇಲೆತ್ತಿ, "ನೋವೇ ಆಗಲಿಲ್ಲ!" ಅಂದ. ಅಲ್ಲಿಂದ ಕಣ್ಣು ಮುಚ್ಚಲಿಲ್ಲ. ಆ ಆಟ ನಾವು ಹೀನಾಯವಾಗಿ ಸೋತೆವು. ಮುಂದಿನ ವಸಂತಕ್ಕೆ ಅವನೇ ನಮ್ಮ ಕ್ಯಾಚರ್.

ಮಗ ಶನಿವಾರ ಕ್ರಿಕೆಟ್, ಭಾನುವಾರ ಬೇಸ್‌ಬಾಲ್. ಒಂದರಿಂದ ಇನ್ನೊಂದು ಹಾಳಾಗುತ್ತಾ?

ಚಿಕ್ಕ ವಯಸ್ಸಿನಲ್ಲಿ ಹಾಳಾಗುವುದಿಲ್ಲ. ಕ್ರಿಕೆಟ್ ಹುಡುಗರು ಚೆಂಡಿನ ಮೇಲಿಂದ ಕಣ್ಣು ತೆಗೆಯುವುದಿಲ್ಲ, ಎತ್ತರಕ್ಕೆ ಹೋದ ಚೆಂಡಿನ ಕೆಳಗೆ ಸರಿಯಾಗಿ ಬಂದು ನಿಲ್ಲುತ್ತಾರೆ. ತಿದ್ದಬೇಕಾದ್ದು ಬೇರೆ ಥರದ್ದು. ಹೊಡೆದ ಮೇಲೆ ಓಡಬೇಕೋ ಬೇಡವೋ ಅಂತ ಯೋಚಿಸುತ್ತ ನಿಲ್ಲುತ್ತಾರೆ. ಇಲ್ಲಿ ಆ ಆಯ್ಕೆ ಇಲ್ಲ, ಚೆಂಡು ಗೆರೆಯೊಳಗೆ ಬಿತ್ತೆಂದರೆ ಓಡಲೇಬೇಕು. ಫಸ್ಟ್ ಬೇಸ್ ಹತ್ತಿರ ಬಂದು ವೇಗ ತಗ್ಗಿಸುತ್ತಾರೆ. ಅದನ್ನು ತುಳಿದು ಮುಂದಕ್ಕೆ ಓಡಿಹೋಗಬಹುದು ಅಂತ ಹೇಳಿಕೊಡಿ. ಇನ್ನು ಗ್ಲವ್ ಇದ್ದರೂ ಬರಿಗೈ ಮುಂದೆ ಹೋಗುತ್ತದೆ. ಹೊಡೆತದಲ್ಲಿ ಸೊಂಟ ತಿರುಗಿಸುವುದು ಮಾತ್ರ ಹೊಸದಾಗಿ ಕಲಿಯಬೇಕು. ನೇರ ಬ್ಯಾಟಿನ ಡಿಫೆನ್ಸ್ ಇಲ್ಲಿ ನಡೆಯುವುದಿಲ್ಲ.

ತೋಳಿನ ಲೆಕ್ಕ ಮಾತ್ರ ಒಂದೇ. ಬೌಂಡರಿಯಿಂದ ಎಸೆದಿದ್ದೂ ಎಸೆತವೇ.

ಮುಂದಿನ ವರ್ಷ ದೊಡ್ಡ ಮೈದಾನ ಅಂತೆ. ಈಗಲೇ ಆಡಿಸಲಾ?

ಹನ್ನೆರಡು ವರ್ಷದವರಿಗೆ ಫಾಲ್ ಬಾಲಿನ ನಿಜವಾದ ಲಾಭ ಇಲ್ಲೇ. ಚಿಕ್ಕ ಮೈದಾನದಲ್ಲಿ ಪಿಚರ್ 46 ಅಡಿಯಿಂದ ಎಸೆಯುತ್ತಾನೆ, ಬೇಸಿನಿಂದ ಬೇಸಿಗೆ 60 ಅಡಿ. ನಡುವಿನ ಮೆಟ್ಟಿಲಲ್ಲಿ 50 ಮತ್ತು 70. ಕೊನೆಗೆ ದೊಡ್ಡವರ ಅಳತೆ, 60 ಅಡಿ 6 ಇಂಚು ಮತ್ತು 90 ಅಡಿ. ಮೊನ್ನೆವರೆಗೆ ಶಾರ್ಟ್‌ಸ್ಟಾಪಿನಿಂದ ಸಲೀಸಾಗಿ ಎಸೆಯುತ್ತಿದ್ದವನ ಚೆಂಡು ಈಗ ಎರಡು ಪುಟಿ ಬಿದ್ದು ಹೋಗುತ್ತದೆ. ಜೊತೆಗೆ ಚಿಕ್ಕ ಮೈದಾನದಲ್ಲಿ ಚೆಂಡು ಬ್ಯಾಟರನ್ನು ತಲುಪುವವರೆಗೆ ಓಟಗಾರ ಬೇಸ್ ಬಿಡುವ ಹಾಗಿಲ್ಲ. 50/70ರಿಂದ ಮೊದಲೇ ಮುಂದೆ ಸರಿದು ನಿಲ್ಲಬಹುದು. ಪಿಚರ್ ಅವನ ಮೇಲೂ ಕಣ್ಣಿಡಬೇಕು, ಕಾಲು ತಪ್ಪಿದರೆ ಬಾಕ್, ಅಂದರೆ ಓಟಗಾರನಿಗೆ ಒಂದು ಬೇಸ್ ಪುಕ್ಕಟೆ. ಆಟವೇ ಬೇರೆ. ಏಪ್ರಿಲಿನಲ್ಲಿ ಇದನ್ನೆಲ್ಲ ಒಟ್ಟಿಗೆ ಎದುರಿಸುವ ಬದಲು ಅಕ್ಟೋಬರಿನಲ್ಲಿ ಎಡವಿ ಬೀಳಲಿ.

## ತೋಳಿನ ವಿಷಯ

ಒಂದು ದಿನಕ್ಕೆ ಎಷ್ಟು ಪಿಚ್ ಎಸೆಯಬಹುದು?

ಲೀಗ್ ಏಜ್ 7–8 ಇದ್ದರೆ 50, 9–10ಕ್ಕೆ 75, 11–12ಕ್ಕೆ 85, 13–16ಕ್ಕೆ 95. ಇದು ಗುರಿಯಲ್ಲ, ಮೇಲಿನ ಮಿತಿ. ವಿಶ್ರಾಂತಿಗೂ ಲೆಕ್ಕ ಇದೆ. 14ರೊಳಗಿನವರು 20ರವರೆಗೆ ಎಸೆದರೆ ಬಿಡುವು ಬೇಕಿಲ್ಲ. 21ರಿಂದ 35ಕ್ಕೆ ಒಂದು ದಿನ, 36ರಿಂದ 50ಕ್ಕೆ ಎರಡು, 51ರಿಂದ 65ಕ್ಕೆ ಮೂರು, 66 ಅಥವಾ ಹೆಚ್ಚಾದರೆ ನಾಲ್ಕು ದಿನ. ಅನುಭವಿ ಕೋಚ್‌ಗಳು 35ನೇ ಪಿಚ್ಚಿಗೆ ಯಾಕೆ ಹುಡುಗನನ್ನು ಬದಲಿಸುತ್ತಾರೆ ಅಂತ ಈಗ ಗೊತ್ತಾಯಿತಲ್ಲ.

ಇನ್ನೊಂದು ಕಟ್ಟಳೆ: 41 ಅಥವಾ ಹೆಚ್ಚು ಪಿಚ್ ಎಸೆದವನು ಆ ದಿನ ಕ್ಯಾಚರ್ ಆಗುವಂತಿಲ್ಲ. ಕ್ಯಾಚರ್ ಪ್ರತಿ ಚೆಂಡನ್ನೂ ವಾಪಸ್ ಎಸೆಯುತ್ತಾನೆ, ಅದೂ ಅದೇ ತೋಳು ತಾನೇ.

ಮೊಣಕೈ ನೋವು ಅಂತಾನೆ. ಬೆಳೆಯೋ ಮಕ್ಕಳಿಗೆ ಇದೆಲ್ಲ ಮಾಮೂಲಾ?

ಮಾಮೂಲಲ್ಲ. ಎಸೆಯುವುದನ್ನು ಅವತ್ತೇ ನಿಲ್ಲಿಸಿ.

ಇದನ್ನು ಬರೆಯಲು ನನಗೆ ನಾಚಿಕೆ, ಆದರೂ ಬರೆಯುತ್ತೇನೆ. ಮಗನಿಗೆ ಹತ್ತು ವರ್ಷ. ಶನಿವಾರ ಊರಿನ ತಂಡಕ್ಕೆ 45 ಪಿಚ್, ಭಾನುವಾರ ಟ್ರಾವೆಲ್ ತಂಡಕ್ಕೆ ಇನ್ನೂ 40. ಎರಡೂ ಕಡೆ ಲೆಕ್ಕ ಸರಿಯಾಗಿಯೇ ಇತ್ತು, ಕೂಡಿಸಿದವರು ಯಾರೂ ಇಲ್ಲ. ಎಣಿಸುವ ಯಂತ್ರ ಕೈಯಲ್ಲಿಟ್ಟುಕೊಂಡು ಕೂತಿದ್ದವನು ನಾನೇ. ಸೋಮವಾರ ಬೆಳಗ್ಗೆ ನೋಡಿದರೆ ಹುಡುಗ ಎಡಗೈಯಲ್ಲಿ ದೋಸೆ ಮುರಿಯುತ್ತಿದ್ದಾನೆ. ಯಾಕೋ ಅಂದರೆ, "ಬಲಗೈ ಮಡಿಸಿದ್ರೆ ಒಳಗಡೆ ಚುಚ್ಚುತ್ತೆ" ಅಂದ. ಶನಿವಾರವೇ ನೋಯುತ್ತಿತ್ತಂತೆ, ಹೇಳಿದರೆ ಆಡಿಸುವುದಿಲ್ಲ ಅಂತ ಹೇಳಿರಲಿಲ್ಲ. ಆರು ವಾರ ಚೆಂಡು ಮುಟ್ಟಬೇಡ ಅಂದರು ಡಾಕ್ಟರು.

ಮಕ್ಕಳ ಮೂಳೆಯ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಬೆಳೆಯುವ ಭಾಗ ಇರುತ್ತದೆ, ಗ್ರೋತ್ ಪ್ಲೇಟ್ ಅಂತಾರೆ. ಎಸೆದಾಗಲೆಲ್ಲ ಮೊಣಕೈ ಒಳಭಾಗದ ಸ್ನಾಯು ಅದನ್ನು ಎಳೆಯುತ್ತದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಕೆಡುತ್ತದೆ, ಮಕ್ಕಳಲ್ಲಿ ಮೊದಲು ಸೋಲುವುದು ಈ ಭಾಗ. ಅದಕ್ಕೆ ಲಿಟಲ್ ಲೀಗರ್ಸ್ ಎಲ್ಬೋ ಅಂತಲೇ ಹೆಸರು. ಐಸು, ಮಾತ್ರೆ, ಅಜ್ಜಿಯ ಎಣ್ಣೆ ಇವುಗಳಿಂದ ನೋವು ಮುಚ್ಚಿಹೋಗುತ್ತದೆ ಅಷ್ಟೇ.

ವರ್ಷಪೂರ್ತಿ ಎಸೆದ್ರೆ ತೋಳು ಗಟ್ಟಿ ಆಗುತ್ತೆ ಅಂತಾರಲ್ಲ?

ಉಲ್ಟಾ. ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟಿನವರು 481 ಎಳೆಯ ಪಿಚರ್‌ಗಳನ್ನು ಹತ್ತು ವರ್ಷ ಗಮನಿಸಿದರು. ಫಲಿತಾಂಶ ಬಂದದ್ದು 2011ರಲ್ಲಿ. ವರ್ಷಕ್ಕೆ 100 ಇನ್ನಿಂಗ್ಸಿಗಿಂತ ಹೆಚ್ಚು ಎಸೆದವರಿಗೆ ದೊಡ್ಡ ಗಾಯವಾಗುವ ಸಂಭವ ಮೂರೂವರೆ ಪಟ್ಟು. ಅದಕ್ಕೂ ಮೊದಲು, 2006ರಲ್ಲಿ, ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಪಿಚ್ ಮಾಡುವ ಹುಡುಗರಿಗೆ ಆಪರೇಷನ್ ಸಂಭವ ಐದು ಪಟ್ಟು ಅಂತ ಅಲ್ಲಿಂದಲೇ ಬಂದಿತ್ತು.

2014ರಲ್ಲಿ ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಪಿಚ್ ಸ್ಮಾರ್ಟ್ ಅನ್ನುವ ಮಾರ್ಗಸೂಚಿ ತಂದರು. 9ರಿಂದ 12ರವರಿಗೆ ವರ್ಷಕ್ಕೆ 80 ಇನ್ನಿಂಗ್ಸ್ ಮಿತಿ. ವರ್ಷದಲ್ಲಿ ನಾಲ್ಕು ತಿಂಗಳು ಎಸೆತಕ್ಕೆ ರಜೆ, ಅದರಲ್ಲಿ ಎರಡು ಮೂರು ತಿಂಗಳು ಸತತವಾಗಿ. ನಮ್ಮ ಮನೆ ಕ್ಯಾಲೆಂಡರಿನಲ್ಲಿ ನವೆಂಬರ್, ಡಿಸೆಂಬರ್, ಜನವರಿ ಸೇರಿ ಮೂರು ತಿಂಗಳು. ನಾಲ್ಕನೆಯದು ಆಗಸ್ಟ್, ಊರಿಗೆ ಹೋಗುವ ತಿಂಗಳು. ಅಜ್ಜಿ ಮನೆಯ ಮಾವಿನ ಮರಕ್ಕೆ ಕಲ್ಲು ಎಸೆದಿದ್ದನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಬಾಗಿ ಬೀಳುವ ಚೆಂಡು, ಕರ್ವ್‌ಬಾಲ್, ಯಾವಾಗ ಕಲಿಸೋದು?

ಹನ್ನೆರಡರವರೆಗೆ ವೇಗದ ಫಾಸ್ಟ್‌ಬಾಲ್, ನಿಧಾನದ ಚೇಂಜ್‌ಅಪ್ ಎರಡೇ ಸಾಕು. ಒಂದೇ ಕೈಬೀಸಿನಲ್ಲಿ ನಿಧಾನ ಚೆಂಡು ಹಾಕಲು ಬಂದರೆ ಈ ವಯಸ್ಸಿನ ಮುಕ್ಕಾಲು ಬ್ಯಾಟರ್‌ಗಳು ಗಾಳಿಗೆ ಬೀಸುತ್ತಾರೆ.

## ಚಳಿಗಾಲದಲ್ಲಿ

ಎಸೆಯೋ ಹಾಗಿಲ್ಲ ಅಂದ್ರೆ ಮೂರು ತಿಂಗಳು ಏನು ಮಾಡಿಸೋದು?

ನವೆಂಬರ್ ಇಡೀ ಬೇಸ್‌ಬಾಲ್ ಮಾತೇ ಬೇಡ. ಚೀಲ ಗ್ಯಾರೇಜಿನಲ್ಲಿರಲಿ.

ಡಿಸೆಂಬರಿನಿಂದ ಬ್ಯಾಟ್ ಹಿಡಿಯಲಿ, ಹೊಡೆತಕ್ಕೆ ರಜೆ ಬೇಕಿಲ್ಲ. ಬೇಸ್‌ಮೆಂಟಿನಲ್ಲಿ ಒಂದು ಟೀ (ಚೆಂಡು ಇಟ್ಟು ಹೊಡೆಯುವ ಕೋಲು), ಎದುರಿಗೆ ಹಳೆ ಹೊದಿಕೆ ನೇತುಹಾಕಿ. ಚೆಂಡಿನ ಬದಲು ಸುತ್ತಿದ ಕಾಲುಚೀಲ. ನಿಜವಾದ ಚೆಂಡಿನಿಂದ ಶುರು ಮಾಡಿ ನಾವೊಂದು ಟ್ಯೂಬ್‌ಲೈಟ್ ಕಳೆದುಕೊಂಡೆವು. ದಿನಕ್ಕೆ 40 ಹೊಡೆತ, ಹದಿನೈದು ನಿಮಿಷ. ಟೀಯನ್ನು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ, ಮೇಲೆ, ಕೆಳಗೆ ಇಡಿ. ಒಂದೇ ಜಾಗದಲ್ಲಿಟ್ಟರೆ ಅದೊಂದೇ ಚೆಂಡು ಹೊಡೆಯಲು ಬರುತ್ತದೆ.

ಕೈಗೆ ಗ್ಲವ್ ಹಾಕಿಸಿ, ಟೆನಿಸ್ ಚೆಂಡನ್ನು ಗೋಡೆಗೆ ಮೆಲ್ಲಗೆ ಕೆಳಗೈಯಲ್ಲಿ ಉರುಳಿಸಿ ಹಿಡಿಯಲು ಹೇಳಿ. ಮಂಡಿ ಬಗ್ಗಬೇಕು, ಗ್ಲವ್ ನೆಲ ಮುಟ್ಟಬೇಕು. ಕಾಲು, ಸೊಂಟ, ಬೆನ್ನಿಗೆ ಹಗ್ಗ ಹಾರುವುದು, ಪ್ಲ್ಯಾಂಕ್, ಸ್ಕ್ವಾಟ್. ನಮ್ಮನೆಯಲ್ಲಿ ಹನ್ನೆರಡು ಸೂರ್ಯ ನಮಸ್ಕಾರ. ಭುಜ, ಸೊಂಟ ಎರಡೂ ಸಡಿಲವಾಗುತ್ತವೆ, ತಾತನಿಗೂ ಖುಷಿ.

ಫೆಬ್ರವರಿಯಲ್ಲಿ ಎಸೆತ ಶುರು. ಮೊದಲ ವಾರ 30 ಅಡಿ ದೂರ, 25 ಎಸೆತ, ದಿನ ಬಿಟ್ಟು ದಿನ. ಆಮೇಲೆ ವಾರವಾರ ಸ್ವಲ್ಪ ಸ್ವಲ್ಪ ಹಿಂದೆ ಸರಿಯಿರಿ. ಪಿಚರ್ ನಿಲ್ಲುವ ದಿಬ್ಬದ ಮೇಲಿಂದ ಪಿಚ್ಚಿಂಗ್ ಮಾರ್ಚ್ ಮಧ್ಯದವರೆಗೆ ಬೇಡ.

ವೇಗ ಹೆಚ್ಚಿಸೋಕೆ ಭಾರದ ಚೆಂಡು ಎಸೆಸ್ತಾರಂತೆ. ಒಳ್ಳೇದಾ?

ವೇಗ ಹೆಚ್ಚುತ್ತದೆ ನಿಜ. 2018ರ ಒಂದು ಅಧ್ಯಯನದಲ್ಲಿ 13ರಿಂದ 18ರ ಹುಡುಗರಿಗೆ ಆರು ವಾರ ಹೀಗೆ ಮಾಡಿಸಿದರು. ವೇಗ ಶೇಕಡಾ 3.3 ಏರಿತು, ಶೇಕಡಾ 24 ಹುಡುಗರು ಗಾಯಗೊಂಡರು. ಹತ್ತು ಹನ್ನೊಂದರ ಮಕ್ಕಳಿಗೆ ಇದನ್ನು ಮಾರುವವರಿಗೆ ನಾನಂತೂ ದುಡ್ಡು ಕೊಡುವುದಿಲ್ಲ. ಖಾಸಗಿ ಲೆಸನ್ ಬೇಕಾದರೆ ಹೊಡೆತಕ್ಕೆ ತಿಂಗಳಿಗೆರಡು ಸಾಕು, ಅಲ್ಲಿ ಹೇಳಿದ್ದನ್ನು ಮನೆಯಲ್ಲಿ ಮಾಡುವ ಹಾಗಿದ್ದರೆ.

ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್ ಅಂತಾನೆ. ಬಿಡಲಾ?

ಬಿಡಿ, ಖುಷಿಯಾಗಿ ಬಿಡಿ. ಒಂದೇ ಆಟಕ್ಕೆ ಕಟ್ಟುಬೀಳುವುದನ್ನು 15–16ರವರೆಗೆ ಮುಂದೂಡಿ ಅಂತ ಇಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ.

## ಮುಂದಿನ ಮೆಟ್ಟಿಲು

ಟ್ರಾವೆಲ್ ತಂಡದವರು ಕರೀತಿದ್ದಾರೆ. ಸೇರಿಸದಿದ್ರೆ ಹಿಂದೆ ಬೀಳ್ತಾನಾ?

ಮೊದಲು ಕೋಚ್‌ಗೆ ಮೂರು ಪ್ರಶ್ನೆ ಕೇಳಿ. ಹುಡುಗ ಎಷ್ಟು ಇನ್ನಿಂಗ್ಸ್ ಆಡುತ್ತಾನೆ? ಬೇರೆ ತಂಡದಲ್ಲಿ ಎಸೆದ ಪಿಚ್ ಯಾರು ಲೆಕ್ಕ ಇಡುತ್ತಾರೆ? ಚಳಿಗಾಲದಲ್ಲಿ ಎಸೆತಕ್ಕೆ ರಜೆ ಉಂಟಾ? ಮೂರನೆಯದಕ್ಕೆ ತಡವರಿಸಿದರೆ ಬೇಡ. ಹನ್ನೊಂದು ಹನ್ನೆರಡಕ್ಕೆ ಸೇರಿದವರೂ ಚೆನ್ನಾಗಿ ಆಡಿದ್ದನ್ನು ನೋಡಿದ್ದೇನೆ. ಎಂಟಕ್ಕೇ ಸೇರಿ ಹನ್ನೆರಡಕ್ಕೆ ಸಾಕಪ್ಪಾ ಅಂದವರನ್ನೂ ನೋಡಿದ್ದೇನೆ.

ಕಾಲೇಜ್ ಸ್ಕಾಲರ್‌ಶಿಪ್ ಸಿಗುತ್ತಾ? ಈಗಿನಿಂದಲೇ ಕಾಲೇಜಿನವರಿಗೆ ಆಟ ತೋರಿಸುವ ಶೋಕೇಸ್‌ಗೆ ಹೋಗಬೇಕಾ?

ದುಡ್ಡಿನ ದಾರಿ ಅಂತ ನೋಡಬೇಡಿ. ಕಾಲೇಜು ಆಟದ ಮೇಲಿನ ದರ್ಜೆಯಾದ ಡಿವಿಷನ್ ಒಂದರ ಬೇಸ್‌ಬಾಲ್ ತಂಡಕ್ಕೆ ಬಹಳ ವರ್ಷ 11.7 ಸ್ಕಾಲರ್‌ಶಿಪ್ ಮಾತ್ರ ಇತ್ತು, ಅದನ್ನೇ ಇಪ್ಪತ್ತೇಳು ಜನಕ್ಕೆ ಹಂಚುತ್ತಿದ್ದರು. 2025ರಿಂದ ನಿಯಮ ಬದಲಾಗಿದೆ. ಹೊಸ ವ್ಯವಸ್ಥೆಗೆ ಸೇರಿದ ಕಾಲೇಜುಗಳಲ್ಲಿ ತಂಡದ ಗಾತ್ರಕ್ಕೇ 34ರ ಮಿತಿ ಬಂದಿದೆ. ಡಿವಿಷನ್ ಒಂದರ ಕೋಚ್‌ಗಳು ಹುಡುಗನ ಜೊತೆ ಮಾತು ಶುರು ಮಾಡಬಹುದಾದದ್ದೇ 11ನೇ ಗ್ರೇಡಿಗೆ ಮುಂಚಿನ ಆಗಸ್ಟ್ 1ರಿಂದ. ಅಕ್ಟೋಬರಿನಲ್ಲಿ ಫ್ಲಾರಿಡಾದ ಜುಪಿಟರ್‌ನಲ್ಲಿ ನಡೆಯುವ ದೊಡ್ಡ ಟೂರ್ನಮೆಂಟಿಗೆ ಕಾಲೇಜಿನವರು, ಆಟಗಾರರನ್ನು ಹುಡುಕುವ ಸ್ಕೌಟುಗಳು ಹಿಂಡು ಹಿಂಡಾಗಿ ಬರುತ್ತಾರೆ ನಿಜ. ಅದು ಹೈಸ್ಕೂಲಿನವರದ್ದು. ಹತ್ತು ವರ್ಷದವನಿಗೆ ಶೋಕೇಸ್ ಅಂದರೆ ನಿಮ್ಮ ಹೋಟೆಲ್ ಖರ್ಚು.

ನಮ್ಮವರ ಮಕ್ಕಳು ಯಾರಾದ್ರೂ ಅಷ್ಟು ಮೇಲೆ ಹೋಗಿದ್ದಾರಾ?

ಹೋಗಿದ್ದಾರೆ, ಕನ್ನಡದವರಲ್ಲ. ಫ್ಲಾರಿಡಾದಲ್ಲಿ ಬೆಳೆದ ಅರ್ಜುನ್ ನಿಮ್ಮಲ ಭಾರತದಿಂದ ಬಂದ ದಂಪತಿಯ ಮಗ, ಚಿಕ್ಕವನಿದ್ದಾಗ ಕ್ರಿಕೆಟ್ ಆಡಿದವನು. 2023ರ ಡ್ರಾಫ್ಟಿನಲ್ಲಿ ಟೊರಾಂಟೊ ಬ್ಲೂ ಜೇಸ್ ಅವನನ್ನು 20ನೆಯವನಾಗಿ ಆರಿಸಿತು. ಪಿಚರ್ ಕುಮಾರ್ ರಾಕರ್ ಅಮ್ಮ ಭಾರತ ಮೂಲದವರು. ಅವನು 2023ರಲ್ಲಿ ಮೊಣಕೈಗೆ ಟಾಮಿ ಜಾನ್ ಸರ್ಜರಿ (ಕೆಟ್ಟ ಲಿಗಮೆಂಟ್ ಬದಲಿಸುವುದು) ಮಾಡಿಸಿಕೊಂಡು, 2024ರ ಸೆಪ್ಟೆಂಬರಿನಲ್ಲಿ ಟೆಕ್ಸಾಸ್ ರೇಂಜರ್ಸ್ ಪರ ಮೊದಲ ಸಲ ಮೇಜರ್ ಲೀಗಿನಲ್ಲಿ ಎಸೆದ. ನಮ್ಮ ಮಗನ ಕೋಣೆಯಲ್ಲಿ ಇಬ್ಬರ ಕಾರ್ಡೂ ಇವೆ.

ಈ ಫಾಲ್ ಆಡಲ್ಲ ಅಂತಿದ್ದಾನೆ. ಒತ್ತಾಯ ಮಾಡಲಾ?

ಬೇಡ. ವಸಂತದ ನೋಂದಣಿ ನಮ್ಮಲ್ಲಿ ಡಿಸೆಂಬರಿನಲ್ಲಿ ತೆರೆಯುತ್ತದೆ, ಆಗ ಇನ್ನೊಮ್ಮೆ ಕೇಳಿ. ಅಷ್ಟರಲ್ಲಿ ಗ್ಲವ್ ಬೇರೆಯವರಿಗೆ ಕೊಟ್ಟುಬಿಡಬೇಡಿ.